ಸೆನ್ಸರಿನ ಗೆರೆ

ಕಾರಿನ ಹೊಗೆಕೊಳವೆಯಲ್ಲಿ ಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ಇಂಜಿನ್ ಉಗುಳಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡುವುದು ಅದರ ಕೆಲಸ. ಸ್ಕ್ಯಾನರ್ ಸಿಕ್ಕಿಸಿದರೆ ಪರದೆಯ ಮೇಲೆ ಗೆರೆಯೊಂದು ಓಡುತ್ತದೆ. ಗೆರೆ ಮೇಲೆ ಹೋದರೆ ಪೆಟ್ರೋಲ್ ಹೆಚ್ಚು, ಕೆಳಗೆ ಬಿದ್ದರೆ ಗಾಳಿ ಹೆಚ್ಚು. ಚೆನ್ನಾಗಿರುವ ಕಾರಿನಲ್ಲಿ ಅದು ಒಂದೇ ಸಮ ಮೇಲೆ ಕೆಳಗೆ ಆಡುತ್ತಿರಬೇಕು. ಇದನ್ನು ಓದಲು ಕಲಿತ ಮೇಲೆ ನನಗೆ ಜಂಬ ಬಂದಿತ್ತು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಉಳಿದ ಮೆಕ್ಯಾನಿಕ್‌ಗಳೆಲ್ಲ ಊಹೆಯ ಮೇಲೆ ಪಾರ್ಟು ಬದಲಿಸುವವರು, ನಾನೊಬ್ಬನೇ ನೋಡಿ ಬದಲಿಸುವವನು ಎಂದು ಎದುರಿಗೇ ಆಡಿ ತೋರಿಸುತ್ತಿದ್ದೆ.

ಹೋದ ವರ್ಷ ನನ್ನ ಸೋದರಮಾವ ನನ್ನ ಗ್ಯಾರೇಜಿಗೆ ಕಾರು ತಂದರು. ಹರಿಹರದಲ್ಲಿ ಅವರದು ಒಂದೇ ಒಂದು ಬಾಡಿಗೆ ಕಾರು, ಪೆಟ್ರೋಲಿನದು, ಹಳೆಯದು. ಡ್ರೈವರೂ ಅವರೇ. ನನಗೆ ಕ್ಲಚ್ಚು ಬಿಡುವುದನ್ನು ಕಲಿಸಿದವರೂ ಅವರೇ. ಕಡರನಾಯಕನಹಳ್ಳಿಯ ಒಬ್ಬ ಅಜ್ಜಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ದಾವಣಗೆರೆಗೆ ಕರೆತಂದು, ಮುಗಿಯುವ ತನಕ ಕಾದು, ಮತ್ತೆ ಊರಿಗೆ ಬಿಡುತ್ತಿದ್ದರು. ಅಜ್ಜಿ ಬೇರೆ ಯಾರ ಗಾಡಿಯನ್ನೂ ಹತ್ತುತ್ತಿರಲಿಲ್ಲ.

"ಜರ್ಕ್ ಹೊಡಿತೈತೋ," ಅಂದರು ಮಾವ. "ಇಬ್ಬರು ನೋಡಿದ್ರು. ಪ್ಲಗ್ ಹಾಕಿದ್ರು, ಇನ್ನೇನೋ ತೊಳದ್ರು. ಹಂಗೇ ಐತೆ."

ನಿಂತ ಕಾರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಓಡುವಾಗ ನೋಡೋಣವೆಂದು ಮಾವನಿಗೇ ಸ್ಟೀರಿಂಗ್ ಕೊಟ್ಟು, ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಊರು ದಾಟುತ್ತಲೇ ಗೆರೆಗೆ ಹುಚ್ಚು ಹಿಡಿಯಿತು. ನೆಲಕ್ಕೆ ಬಿದ್ದು ಅಲ್ಲೇ ಮಲಗುವುದು, ಆಮೇಲೆ ಒಮ್ಮೆಲೇ ನೆತ್ತಿಗೇರುವುದು. ಕಾರೂ ಅದರ ಜೊತೆಗೇ ಮುಗ್ಗರಿಸುತ್ತಿತ್ತು. "ಸೆನ್ಸರ್ ಹೋಗೈತೆ ಮಾವ," ಅಂದೆ, ದೊಡ್ಡ ಡಾಕ್ಟರ ಗತ್ತಿನಲ್ಲಿ. ಹೊಸದು ತರಿಸಿ ಹಾಕಿದೆ. ಮಾವನ ಮುಖ ಅರಳಿತು. ನಾನೂ ಉಬ್ಬಿದೆ.

ಹತ್ತು ದಿನಕ್ಕೆ ವಾಪಸು ಬಂದರು. ಅದೇ ಜರ್ಕ್. ಹೊಸ ಸೆನ್ಸರ್ ಹಾಕಿಯೂ ಹೀಗೆ ಅಂದರೆ ತಪ್ಪು ನನ್ನ ಓದಿನದು. ಊರವರನ್ನೆಲ್ಲ ಹಂಗಿಸಿದ ನಾನೂ ಊಹೆಯ ಮೇಲೇ ಪಾರ್ಟು ಹಾಕಿದ್ದೆ. ಈ ಸಲ ಸ್ಕ್ಯಾನರನ್ನು ದಾಖಲಿಸಲು ಹಚ್ಚಿ, ಸೆನ್ಸರಿನ ಜೊತೆಗೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದರ ಗೆರೆಯನ್ನೂ ಹಾಕಿಕೊಂಡು, ನಾನೇ ಓಡಿಸಿದೆ. ಹರಿಹರದ ಹೊಳೆಯ ಸೇತುವೆ ತನಕ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಸೆನ್ಸರಿನ ಗೆರೆ ಒಂದೇ ಸಮ ಆಡಿತ್ತು. ಅಲ್ಲಿ ಚಾ ಕುಡಿದೆವು. ವಾಪಸು ಬರುವಾಗ ಮಾವ ಓಡಿಸಿದರು. ಮತ್ತೆ ಹುಚ್ಚು ಶುರುವಾಯಿತು. ಅದರ ಕೆಳಗೆ ಆಕ್ಸಿಲರೇಟರಿನ ಗೆರೆ: ಒತ್ತು, ಬಿಡು, ಜೋರಾಗಿ ಒತ್ತು, ಪೂರ್ತಿ ಬಿಡು. ಮುಂದೆ ನೆಟ್ಟಗಿನ ಖಾಲಿ ರಸ್ತೆ.

"ಮಾವ, ಯಾಕ ಕಾಲು ಎತ್ತಿ ಎತ್ತಿ ಇಡ್ತೀರಿ?"

"ಎಲ್ಲೋ? ಇಟ್ಟಲ್ಲೇ ಇಟ್ಟೀನಲ್ಲ."

ಬಗ್ಗಿ ನೋಡಿದೆ. ಪಾದ ಆಕ್ಸಿಲರೇಟರಿನಿಂದ ಜಾರುತ್ತಿತ್ತು, ಮತ್ತೆ ಹುಡುಕಿಕೊಂಡು ಬರುತ್ತಿತ್ತು. ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಚಾದಂಗಡಿಯ ಹತ್ತಿರ ಕಳಚಿಕೊಂಡಿರಬೇಕು, ಅವರಿಗೆ ಅದೂ ಗೊತ್ತಿರಲಿಲ್ಲ. ಹೆಬ್ಬೆರಳ ಬುಡ ಕಿತ್ತು ರಕ್ತ ಒಣಗಿತ್ತು. ಮಾವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಆಕ್ಸಿಲರೇಟರ್ ಗೊತ್ತಾಗದ ಕಾಲಿಗೆ ಬ್ರೇಕು ಮಾತ್ರ ಹೇಗೆ ಗೊತ್ತಾಗುತ್ತದೆ? ಕಾರು ನಿಲ್ಲಿಸಲು ಹೇಳಿ, ಉಳಿದ ದಾರಿ ನಾನೇ ಓಡಿಸಿದೆ.

ಗ್ಯಾರೇಜಿನಲ್ಲಿ ಎರಡೂ ದಾಖಲೆಗಳನ್ನು ತೋರಿಸಿದೆ. "ಇದು ನಾನು ಓಡ್ಸಿದ್ದು. ಇದು ನೀವು. ಗಾಡಿಗೆ ಏನೂ ಆಗಿಲ್ಲ ಮಾವ. ಮೊದ್ಲು ಡಾಕ್ಟರಿಗೆ ತೋರಿಸ್ರಿ."

"ತೋರಿಸೀನಿ," ಅಂದರು. "ಕಾಲಿನ ನರ ಸತ್ತಾವಂತೆ. ಸತ್ತಿದ್ದು ವಾಪಸ್ ಬರಲ್ಲಂತೆ."

ನನಗೆ ಸಿಟ್ಟು ಬಂತು. "ಗೊತ್ತಿದ್ದೂ ಗ್ಯಾರೇಜು ಗ್ಯಾರೇಜು ಸುತ್ತಿದ್ರಾ?"

"ಗಾಡಿದೇ ಇರಬೌದು ಅಂತ ಆಸೆ ಕಣೋ. ನೀನು ಸೆನ್ಸರ್ ಹೋಗೈತೆ ಅಂದ್ಯಲ್ಲ, ಅವತ್ತು ಮನಿಗೆ ಹೋಗಿ ಹೊಟ್ಟೆ ತುಂಬ ಉಂಡಿದ್ದೆ."

ನಾನು ಪರದೆ ಆರಿಸಿ ಸ್ಕ್ಯಾನರಿನ ವೈರು ಸುತ್ತಿಟ್ಟೆ.

"ಕೀ ಕೊಡು," ಅಂದರು. "ನಾಳೆ ಅಜ್ಜಿದು ಐತೆ."

"ನಾಳೆ ನಾನು ಬರ್ತೀನಿ. ನೀವು ಬ್ಯಾಡ."

"ಮುಂದಿನ ವಾರ? ಅದರ ಮುಂದಿನ ವಾರ?"

ಅವರು ಕೈ ಚಾಚಿಕೊಂಡೇ ನಿಂತಿದ್ದರು. ಕೊಡದೇ ಇರಬಹುದಿತ್ತು. ಮುಖ ಮುರಿದುಕೊಂಡು ಹೋಗುತ್ತಿದ್ದರು, ಅಷ್ಟೇ. ಆದರೆ ಕೊಟ್ಟೆ. ಆ ಹೇಡಿತನಕ್ಕೆ ಗೌರವ ಅಂತ ಹೆಸರಿಟ್ಟುಕೊಂಡು ಕೆಲವು ದಿನ ತಳ್ಳಿದೆ.

ಒಂದು ಬೆಳಿಗ್ಗೆ ತಡೆಯಲಾಗದೆ ಎಂ.ಸಿ.ಸಿ. ಬಡಾವಣೆಗೆ, ಡಯಾಲಿಸಿಸ್ ಮಾಡುವಲ್ಲಿಗೆ ಹೋದೆ. ಮಾವನಿಗೆ ಹೇಳಿ ಆಗಿತ್ತು, ಇನ್ನು ಅಜ್ಜಿಗಾದರೂ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಕಾರು ಬಾಗಿಲಲ್ಲೇ ನಿಂತಿತ್ತು. ಮಾವ ಚೀಟಿ ಮಾಡಿಸಲು ಒಳಗೆ ಹೋಗಿದ್ದರು. ಅಜ್ಜಿ ಹಿಂದಿನ ಸೀಟಿನಲ್ಲಿ ಒರಗಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರ ಮುಖದಲ್ಲಿ ನಗು ಕಾಣಿಸಿತು.

"ನಿಮ್ಮ ಮಾವ ಈಗೀಗ ಬಾಳ ನಿಧಾನ ಓಡಿಸ್ತಾನಪ್ಪ," ಅಂದರು. "ಮೊದಲಿನಂಗೆ ಹೊಡಿಯಲ್ಲ. ನನಗೆ ನೋವಾಗಬಾರ್ದು ಅಂತ ಕಾಣ್ತೈತೆ."

"ಹೂಂ ಅಜ್ಜಿ," ಅಂದೆ. ಮಾವ ಹೊರಗೆ ಬರುವ ಮೊದಲೇ ಸ್ಕೂಟರ್ ಹತ್ತಿ ಹೊರಟುಬಿಟ್ಟೆ.