ಮೂರೂ ಮುಕ್ಕಾಲಿಗೆ ಮುಚ್ಚುವ ಪರದೆ

ಮುಂಬೈ ಹತ್ತಿರದ ಈ ಕಲ್ಯಾಣದಲ್ಲಿ ಚಳಿ ಎಂದರೆ ನಮ್ಮ ವಿಜಯಪುರದ ಕಡೆಯವರು ನಗುತ್ತಾರೆ. ನಗಲಿ. ಡಿಸೆಂಬರ್ ಕೊನೆಗೆ ಉತ್ತರದ ಗಾಳಿ ತಿರುಗಿತೆಂದರೆ ಇಲ್ಲಿಯ ಜನ ಟ್ರಂಕಿನಿಂದ ಸ್ವೆಟರ್ ತೆಗೆಯುತ್ತಾರೆ, ಒಂದು ಹತ್ತು ದಿನ ಹಾಕಿಕೊಳ್ಳುತ್ತಾರೆ, ಮತ್ತೆ ಒಗೆದು ಒಳಗಿಡುತ್ತಾರೆ. ಮನುಷ್ಯರಿಗೆ ಅಷ್ಟು ಸಾಕು. ಆದರೆ ಆಂಥೂರಿಯಂ ಎಂಬ ಗಿಡಕ್ಕೆ ಸ್ವೆಟರ್ ಹಾಕಲು ಬರುವುದಿಲ್ಲ. ಒಂದು ಬೆಳಗಿನ ಹೊತ್ತು ಥರ್ಮಾಮೀಟರು ಹದಿಮೂರಕ್ಕೆ ಇಳಿದರೆ ಸಾಕು, ಎಲೆಯ ತುದಿ ಕಪ್ಪಾಗಲು ಶುರುವಾಗುತ್ತದೆ. ಆ ಗಿಡಗಳ ಹುಚ್ಚು ನನಗೆ ಹಿಡಿದದ್ದು ನನ್ನ ಬದುಕಿನ ತಪ್ಪು ಎಂದು ನಾನು ಹೇಳುವುದಿಲ್ಲ. ತಪ್ಪು ಬೇರೆ ಇದೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ನಾನು ಇಪ್ಪತ್ತೆಂಟು ವರ್ಷ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಒಂದು ಗೋಡೌನಿನ ಸೂಪರ್‌ವೈಸರ್ ಆಗಿದ್ದೆ. ದಿನವಿಡೀ ಪಟ್ಟಿ, ಸಲಾಕೆ, ಕಟರ್‌ನ ಕಿಡಿ, ಟ್ರಕ್ಕಿನ ಹಾರ್ನು. ಮನೆಗೆ ಬಂದರೆ ಮೆತ್ತಗಿನದು ಏನಾದರೂ ಮುಟ್ಟಬೇಕು ಅನಿಸುತ್ತಿತ್ತು. ಒಂದು ಸಲ ಬೇಲಾಪುರದ ರಸ್ತೆ ಬದಿಯ ನರ್ಸರಿಯಲ್ಲಿ ಕೆಂಪು ಹೂವಿನ ಒಂದು ಕುಂಡ ಕೊಂಡೆ. ಒಂದು ನಾಲ್ಕಾಯಿತು, ನಾಲ್ಕು ನಲವತ್ತಾಯಿತು. ಕಲ್ಯಾಣದ ನಮ್ಮ ಮನೆ ಕೊನೆಯ ಮಹಡಿಯದು, ಹಾಲಿಗೆ ಅಂಟಿಕೊಂಡೇ ಸಣ್ಣ ತೆರೆದ ಟೆರೇಸಿದೆ. ಅಲ್ಲಿ ಕಬ್ಬಿಣದ ಆ್ಯಂಗಲ್ ವೆಲ್ಡ್ ಮಾಡಿಸಿ, ದಪ್ಪ ಪ್ಲಾಸ್ಟಿಕ್ ಹೊದಿಸಿ ಗ್ರೀನ್‌ಹೌಸ್ ನಿಲ್ಲಿಸಿದೆ. ನನ್ನ ಹೆಂಡತಿಯ ಅಕ್ಕ ಅದನ್ನು ನೋಡಲು ಬಂದವರು ಬಾಗಿಲಲ್ಲೇ ನಿಂತು, "ಇದೇನ್ರಿ, ಬಾಣಂತಿ ಕೋಣಿ ಮಾಡೀರಿ?" ಎಂದು ನಕ್ಕರು. ಅವತ್ತಿನಿಂದ ಮನೆಮಂದಿಗೆಲ್ಲ ಅದು ಬಾಣಂತಿ ಕೋಣೆಯೇ ಆಯಿತು.

ಅದನ್ನು ಬೆಚ್ಚಗಿಡುವುದು ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪುವ ಸ್ವಭಾವವೂ ನನ್ನದಲ್ಲ. ಮೊದಲನೇ ವರ್ಷ ದೊಡ್ಡ ಬಲ್ಬುಗಳನ್ನು ನೇತುಹಾಕಿದೆ. ಬಲ್ಬಿನ ಕೆಳಗಿನ ಗಿಡ ಸುಟ್ಟಿತು, ಮೂಲೆಯ ಗಿಡ ಮುದುಡಿತು. ಎರಡನೇ ವರ್ಷ ಇದ್ದಿಲ ಶೆಗಡಿ ತಂದು ಒಳಗಿಟ್ಟೆ. ಹೊಗೆ ತುಂಬಿ ಮೊಗ್ಗೆಲ್ಲ ಉದುರಿದವು, ಸೊಸೈಟಿಯ ಸೆಕ್ರೆಟರಿ ಬೆಂಕಿ ಬಿದ್ದಿದೆಯೆಂದು ಬಕೆಟ್ ಹಿಡಿದು ಓಡಿಬಂದ. ಅವನ ಮುಂದೆ ನಾನು ಸಣ್ಣವನಾದದ್ದು ನೋಡಿ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಪಾತ್ರೆ ತೊಳೆಯುತ್ತಾ ಹೇಳಿದಳು:

"ರೀ, ನಮ್ಮ ಗಚ್ಚಿನ ಮ್ಯಾಲಿನ ಕರೀ ಟಾಕಿ ನೀರು ನೋಡ್ರಿ, ಸಂಜಿ ಏಳಕ್ಕೂ ಬೆಚ್ಚಗ ಬರ್ತಾವ. ಬಿಸಲು ಕುಡದು ಇಟ್ಕೊಂಡಿರ್ತಾವ. ನಿಮ್ಮ ಗಿಡದ ಹತ್ರನೂ ಹಂಗ ನೀರು ತುಂಬಿ ಇಡ್ರಲ್ಲ."

ಅಷ್ಟೇ. ಎರಡು ವರ್ಷ ನಾನು ಫೋನಿನಲ್ಲಿ ವಿಡಿಯೋ ನೋಡಿ ಕಲಿಯಲಾಗದ್ದನ್ನು ಅವಳು ನಲ್ಲಿಯ ಕೆಳಗೆ ಕೈಯಿಟ್ಟು ಕಲಿತಿದ್ದಳು. ಆರು ಡ್ರಮ್ಮುಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಗೋಡೆಗೆ ಸಾಲಾಗಿ ಇಟ್ಟೆವು. ಬೆಳಿಗ್ಗೆ ಹತ್ತಕ್ಕೆ ಪಶ್ಚಿಮದ ಪ್ಲಾಸ್ಟಿಕ್ ಪರದೆಯನ್ನು ಮೇಲೆ ಸುತ್ತಿ ಕಟ್ಟಬೇಕು. ಇಲ್ಲದಿದ್ದರೆ ಇಲ್ಲಿಯ ಹಗಲಿನ ಬಿಸಿಲಿಗೆ ಗಿಡ ಬೆಂದೇ ಹೋಗುತ್ತದೆ. ಸಂಜೆ ಬಿಸಿಲು ಹೋಗುವ ಮೊದಲೇ ಪರದೆ ಇಳಿಸಿ, ಸುತ್ತಲೂ ಕ್ಲಿಪ್ಪು ಹಾಕಬೇಕು. ಆಗ ಡ್ರಮ್ಮಿನ ನೀರು ಹಿಡಿದಿಟ್ಟ ಬಿಸಿ ಬೆಳಗಿನವರೆಗೆ ಒಳಗೇ ಉಳಿಯುತ್ತದೆ. ತಡವಾಗಿ ಮುಚ್ಚಿದರೆ ಬೆಳಿಗ್ಗೆ ಥರ್ಮಾಮೀಟರು ಚಾಡಿ ಹೇಳುತ್ತದೆ. ನಾನು ಬೆಳಿಗ್ಗೆ ಏಳೂವರೆಗೆ ಪನವೇಲ್ ಬಸ್ಸು ಹಿಡಿದು ಕೆಲಸಕ್ಕೆ ಹೋದವನು ಮನೆಗೆ ಬರುವುದು ಎಂಟಕ್ಕೆ. ಹಾಗಾಗಿ ತೆರೆಯುವುದು ಮುಚ್ಚುವುದು ಎರಡೂ ಹೆಂಡತಿಯ ಪಾಲಿಗೆ ಬಂದವು. ಯಾರೂ ಅವಳನ್ನು ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಮೊದಲು ಐದು ಗಂಟೆಗೆ ಮುಚ್ಚಿದರೆ ಸಾಕಾಗುತ್ತಿತ್ತು. ಅಷ್ಟರಲ್ಲಿ ನಮ್ಮ ಪಶ್ಚಿಮಕ್ಕಿದ್ದ ಹಳೆಯ ಎರಡಂತಸ್ತಿನ ಚಾಳನ್ನು ಕೆಡವಿ ಟವರು ಕಟ್ಟಲು ಶುರು ಮಾಡಿದರು. ಟವರಿಗೆ ಮಹಡಿ ಏರಿದಂತೆ ನಮ್ಮ ಬಿಸಿಲು ಬೇಗ ಹೋಗತೊಡಗಿತು. ಒಂದು ಚಳಿಗಾಲಕ್ಕೆ ನಾಲ್ಕೂವರೆ, ಮುಂದಿನದಕ್ಕೆ ನಾಲ್ಕು, ಅದರ ಮುಂದಿನದಕ್ಕೆ ಮೂರೂ ಮುಕ್ಕಾಲು. ನಾನು ಆ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಟೆರೇಸಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಬಿಲ್ಡರ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಟವರು ನನ್ನ ಗಿಡದ ಬಿಸಿಲು ಕಸಿಯುತ್ತಿದೆ ಎಂದು ಮಾತ್ರ ನನಗೆ ತಿಳಿದಿತ್ತು. ಹೆಂಡತಿಯ ದಿನವೂ ಮೋಟಾಗುತ್ತಿದೆ ಎಂಬುದು ತಲೆಗೆ ಹೋಗಲಿಲ್ಲ.

ಅವಳಿಗೆ ವಾರದಲ್ಲಿ ಒಂದೇ ಒಂದು ಆಸೆಯ ದಿನವಿತ್ತು, ಗುರುವಾರ. ಕೋಪರಖೈರಣೆಯಲ್ಲಿ ಮಗ-ಸೊಸೆಯ ಜೊತೆಗಿದ್ದ ಅಕ್ಕನ ಮನೆಗೆ ಹೋಗುವ ದಿನ. ಅಕ್ಕ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಊರಿನಲ್ಲಿ ಇವರದ್ದು ಅಂತ ಏನೂ ಉಳಿದಿರಲಿಲ್ಲ. ತವರು ಎಂದರೆ ಅಕ್ಕ, ಅಕ್ಕ ಎಂದರೆ ತವರು. ಹತ್ತಕ್ಕೆ ಪರದೆ ತೆರೆದು ಹೊರಟರೆ, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ಹನ್ನೊಂದೂ ಮುಕ್ಕಾಲಿಗೆ ಅಲ್ಲಿ. ಐದಕ್ಕೆ ಮುಚ್ಚುವ ಕಾಲದಲ್ಲಿ ಇಬ್ಬರೂ ಊಟ ಮಾಡಿ, ಒಂದೇ ಚಾಪೆಯ ಮೇಲೆ ಅಡ್ಡಾಗಿ, ಚಹಾ ಕುಡಿದು ಎದ್ದು ಬರುತ್ತಿದ್ದಳು. ಮೂರೂ ಮುಕ್ಕಾಲಿನ ಕಾಲ ಬಂದಾಗ ಎರಡಕ್ಕೇ ಏಳಬೇಕಾಯಿತು. ತಟ್ಟೆ ತೊಳೆಯುವ ಮೊದಲೇ ಅವಳ ಕಣ್ಣು ಗಡಿಯಾರದ ಕಡೆ ಹೋಗುತ್ತಿತ್ತಂತೆ. ಅಕ್ಕ, "ಹೋಗವಾ ಹೋಗು, ನಿಮ್ಮ ಬಾಣಂತಿಗಿ ಥಂಡಿ ಹತ್ತೀತು" ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಇವಳು ಬಂದು ನನಗೆ ಹೇಳಿದರೆ ನಾನೂ ನಗುತ್ತಿದ್ದೆ.

ಒಂದು ಗುರುವಾರ ಗಾಡಿ ನಿಂತು ತಡವಾಯಿತು. ಮರುದಿನ ಎರಡು ಕುಂಡಗಳ ಎಲೆಗಳು ಕಪ್ಪಾಗಿದ್ದವು. ನಾನು ಆ ಎಲೆಗಳನ್ನು ಕಿತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಮುಂದೆ ಇಟ್ಟೆ. "ನಿಮ್ಮ ಅಕ್ಕ-ತಂಗಿ ಮಾತು ಮುಗಿಯೂದು ಯಾವಾಗ? ಗಿಡ ಎಲ್ಲಾ ಸತ್ತ ಮ್ಯಾಲೇನು?" ಎಂದು ಕೇಳಿದೆ. ಅವಳು ಗಾಡಿಯ ಮಾತು ಎತ್ತಲೂ ಇಲ್ಲ. ಎಲೆಗಳನ್ನು ತೆಗೆದು ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಅವಳು ಒಂದು ದಿನವೂ ತಡ ಮಾಡಲಿಲ್ಲ. ನಾನು ಅದನ್ನು ನನ್ನ ಶಿಸ್ತು ಎಂದುಕೊಂಡೆ. ಎಂಥ ಮೂರ್ಖ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಚಳಿ ಜೋರಿತ್ತು. ಒಂದು ಮಂಗಳವಾರ ಅಕ್ಕನ ಸೊಸೆ ನನ್ನ ಹೆಂಡತಿಗೆ ಫೋನ್ ಮಾಡಿದಳು. ಮರಾಠಿ ಹುಡುಗಿ, ಬಹಳ ಮೆತ್ತಗೆ ಮಾತನಾಡುವವಳು. ಅತ್ತೆಗೆ ಕೆಮ್ಮು, ದಮ್ಮು, ಡಾಕ್ಟರು ಔಷಧಿ ಕೊಟ್ಟಿದ್ದಾರೆ, ಆದರೆ ಒಂದೇ ಸಮನೆ ನಿಮ್ಮ ಹೆಸರೇ ಹೇಳುತ್ತಿದ್ದಾರೆ, ಮಾವಶಿ, ನೀವು ಬಂದು ಎರಡು ದಿನ ಇದ್ದುಹೋಗಿ ಎಂದಳಂತೆ. ನಾನು ಮನೆಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿ ರೊಟ್ಟಿ ಬಡಿಸುತ್ತಾ ಕೇಳಿದಳು.

"ರೀ, ಎರಡ ದಿವಸ ಅಕ್ಕನ ಹತ್ರ ಇದ್ದು ಬರ್ಲೇನು?"

"ಈ ಥಂಡ್ಯಾಗ ಎಲ್ಲಾರಿಗೂ ಕೆಮ್ಮು ಅದ," ಎಂದೆ. "ಪಡದೆ ಮುಚ್ಚಾವ್ರು ಯಾರು? ಐತಾರ ನಾ ಮನ್ಯಾಗ ಇರ್ತೀನಿ, ಆವಾಗ ಹೋಗು. ಬೇಕಂದ್ರ ಸೋಮಾರನೂ ಇರು."

ಸೋಮವಾರವನ್ನು ಸೇರಿಸಿ ಕೊಟ್ಟದ್ದು ನನ್ನ ದೊಡ್ಡತನ ಎಂದು ಆಗ ನನಗೆ ಅನಿಸಿತ್ತು. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಗುರುವಾರ ಎಂದಿನಂತೆ ಹೋಗಿ ಬರ್ತೀನಿ ಎಂದಳು. ನಾನು ಹೂಂ ಎಂದೆ.

ಆ ಗುರುವಾರದ ವಿಷಯ ಬರೆಯುವುದು ಕಷ್ಟ. ಗೋಡೌನಿನ ಕ್ರೇನು ಬೆಳಿಗ್ಗೆಯೇ ಕೆಟ್ಟಿತು. ಮೆಕ್ಯಾನಿಕ್ಕು ನಾಳೆ ಬರುತ್ತೇನೆಂದ. ಸೇಠ್ ಹನ್ನೆರಡೂವರೆಗೆ ಎಲ್ಲರನ್ನೂ ಮನೆಗೆ ಕಳಿಸಿದರು. ಒಂದು ಗಂಟೆಗೆ ನಾನು ಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ಶಿಳ್‌ಫಾಟಾದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಬಸ್ಸು ನಿಂತಿತು. ಗಡಿಯಾರ ನೋಡಿದೆ, ಒಂದೂವರೆ. ಅವಳು ಇನ್ನು ಅರ್ಧ ಗಂಟೆಯಲ್ಲಿ ಅಕ್ಕನ ಮನೆಯಿಂದ ಏಳುತ್ತಾಳೆ. ಫೋನು ಕೈಯಲ್ಲೇ ಇತ್ತು. ಅವಳ ನಂಬರನ್ನೂ ತೆಗೆದೆ. ಇವತ್ತು ನಾನೇ ಮುಚ್ಚುತ್ತೇನೆ, ನೀನು ಅಲ್ಲೇ ಇರು ಎಂದು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ.

ಹೇಳಲಿಲ್ಲ. ಯಾಕೆಂದು ನನಗೆ ಚೆನ್ನಾಗಿ ಗೊತ್ತು, ಸುಳ್ಳು ಹೇಳಿ ಉಪಯೋಗವಿಲ್ಲ. ಹೇಳಿದರೆ ಅವಳು ಅಲ್ಲೇ ಉಳಿಯುತ್ತಾಳೆ, ಸಂಜೆಯ ಊಟ ನಾನೇ ನೋಡಿಕೊಳ್ಳಬೇಕಾಗುತ್ತದೆ, ನಾಳೆ ಬೆಳಿಗ್ಗೆ ಡಬ್ಬಿ ಕಟ್ಟುವವರಿಲ್ಲ ಎಂದುಕೊಂಡೆ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಇವತ್ತು ನನಗೆ ಸ್ವಲ್ಪವಾದರೂ ಸಮಾಧಾನವಿರುತ್ತಿತ್ತು. ಫೋನನ್ನು ಜೇಬಿಗೆ ಹಾಕಿದೆ.

ಕಲ್ಯಾಣದಲ್ಲಿ ಇಳಿದಾಗ ಪರಿಚಯದ ಒಬ್ಬರು ಸಿಕ್ಕರು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕುಳಿತೆವು. ಮಾತು ಗಿಡಗಳ ಕಡೆ ಹೊರಳಿತು. ಕಪ್ಪು ಡ್ರಮ್ಮಿನ ಉಪಾಯವನ್ನು ನನ್ನದೇ ಎನ್ನುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ತಲೆದೂಗಿದರು. ಹೋಟೆಲಿನ ಮಾಲಕರೂ ಗಲ್ಲಾ ಬಿಟ್ಟು ಬಂದು, "ಎಂಥ ತಲೆ ಮಾರಾಯ್ರೇ ನಿಮ್ಮದು" ಎಂದರು. ಐದಕ್ಕೆ ಮನೆಗೆ ಹೋದೆ. ಪರದೆ ಇಳಿದಿತ್ತು, ಕ್ಲಿಪ್ಪುಗಳೆಲ್ಲ ಬಿಗಿಯಾಗಿದ್ದವು. ಇಷ್ಟು ಬೇಗ ಬಂದಿರಿ ಎಂದು ಅವಳು ಕೇಳಿದ್ದಕ್ಕೆ, ಕ್ರೇನು ಕೆಟ್ಟಿತು, ಮೂರೂವರೆಗೆ ಬಿಟ್ಟರು ಎಂದೆ. ಅಕ್ಕ ಹೇಗಿದ್ದಾರೆ ಎಂದೆ. "ಕೆಮ್ಮು ಭಾಳ ಅದ," ಎಂದಷ್ಟೇ ಹೇಳಿ ಚಹಾಕ್ಕಿಟ್ಟಳು.

ಶುಕ್ರವಾರ ಬೆಳಿಗ್ಗೆ ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ಫೋನು ಬಂತು. ಅಕ್ಕ ಹೋಗಿಬಿಟ್ಟಿದ್ದರು. ಚಹಾ ಕೇಳಿದ್ದರಂತೆ, ಸೊಸೆ ಕಪ್ಪು ಹಿಡಿದು ಬರುವಷ್ಟರಲ್ಲಿ ಉಸಿರಿರಲಿಲ್ಲ.

ಹೆಂಡತಿ ಹದಿಮೂರು ದಿನ ಅಲ್ಲೇ ಇದ್ದಳು. ನಾನು ಬೆಳಿಗ್ಗೆ ಸಂಜೆ ಕೋಪರಖೈರಣೆಗೂ ಕೆಲಸಕ್ಕೂ ಓಡಾಡಿದೆ. ಆ ಶುಕ್ರವಾರ ಹೊರಡುವ ಗಡಿಬಿಡಿಯಲ್ಲೂ ಅವಳ ಕೈ ರೂಢಿಯಂತೆ ಪರದೆಯನ್ನು ಸುತ್ತಿ ಕಟ್ಟಿತ್ತು. ಆಮೇಲೆ ಅದರ ನೆನಪು ಯಾರಿಗೂ ಬರಲಿಲ್ಲ, ಹದಿಮೂರು ದಿನವೂ ಅದು ತೆರೆದೇ ಇತ್ತು. ಆ ದಿನಗಳಲ್ಲಿ ಚಳಿ ಇನ್ನೂ ಹೆಚ್ಚಿತ್ತು. ಕೊನೆಗೊಮ್ಮೆ ಟೆರೇಸಿನ ಬಾಗಿಲು ತೆಗೆದು ನೋಡಿದೆ. ನಲವತ್ತರಲ್ಲಿ ಮೂರು ಕುಂಡ ಹೋಗಿದ್ದವು. ಉಳಿದವುಗಳ ಎಲೆ ಅಲ್ಲಲ್ಲಿ ಕಪ್ಪಾಗಿತ್ತು, ಕೆಲವುಗಳಲ್ಲಿ ಹೂವೂ ಇತ್ತು. ಅಷ್ಟೇ ಆಗುವುದಿತ್ತು. ಎರಡು ದಿನ ಅವಳು ಅಕ್ಕನ ಹತ್ತಿರ ಇದ್ದಿದ್ದರೆ ಮೂರು ಕುಂಡವೂ ಹೋಗುತ್ತಿರಲಿಲ್ಲ. ನಾನು ಡ್ರಮ್ಮಿನ ಮೇಲೆ ಕುಳಿತು ಅತ್ತೆ. ನನ್ನ ತಂದೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಅವಳು ಮನೆಗೆ ಬಂದ ಮೇಲೆ ಒಂದು ಸಂಜೆ, ಹಸಿಮೆಣಸಿನ ತೊಟ್ಟು ಬಿಡಿಸುತ್ತಾ, ಗುರುವಾರದ ಮಾತು ತಾನಾಗಿಯೇ ಹೇಳಿದಳು. ಎರಡಕ್ಕೆ ಏಳುವಾಗ ಅಕ್ಕ ಇವಳ ಕೈ ಹಿಡಿದುಕೊಂಡರಂತೆ. ಚೇಷ್ಟೆ ಮಾಡಲಿಲ್ಲವಂತೆ. "ಇವತ್ತೊಂದ ದಿನ ಇರವ್ವಾ" ಎಂದರಂತೆ. ಇವಳು ಐತಾರ ಬರ್ತೀನಿ, ಎರಡು ದಿನ ಇರ್ತೀನಿ ಎಂದು ಕೈ ಬಿಡಿಸಿಕೊಂಡಳಂತೆ.

"ನಾನ ಬಿಡಿಸ್ಕೊಂಡೆ," ಎಂದಳು. "ಅಕ್ಕ ಬಿಟ್ಟಿರ್ಲಿಲ್ಲ. ಒಂದೊಂದ ಬಟ್ಟು ಬಿಡಿಸಿದೆ."

ನನ್ನ ಮೇಲೆ ಅವಳು ಒಂದು ಮಾತೂ ಹಾಕಲಿಲ್ಲ. ಗಂಡ ಕೆಲಸದಲ್ಲಿದ್ದ, ಅವನಾದರೂ ಏನು ಮಾಡಿಯಾನು ಎಂಬುದು ಅವಳ ಲೆಕ್ಕ. ತಪ್ಪೆಲ್ಲ ತನ್ನದೇ ಎಂದು ಹೊತ್ತುಕೊಂಡಿದ್ದಾಳೆ. ಆ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದು, ಶಿಳ್‌ಫಾಟಾದ ಬಸ್ಸಿನದು, ಹೋಟೆಲಿನ ಚಹಾದ್ದು. ಅದನ್ನು ಹೇಳಿದರೆ ಅವಳ ಹೊರೆ ಇಳಿಯುತ್ತದೆ, ನಾನು ಅವಳ ಕಣ್ಣಿನಿಂದ ಇಳಿಯುತ್ತೇನೆ. ಅದಕ್ಕೇ ನನಗೆ ಬಾಯಿ ಬರುವುದಿಲ್ಲ.

ನಾನೀಗ ಕೆಲಸ ಬಿಟ್ಟು ಮನೆಯಲ್ಲೇ ಇದ್ದೇನೆ. ಈ ಚಳಿಗಾಲ ಶುರುವಾದ ದಿನ ಹೊತ್ತಿಗೆ ಸರಿಯಾಗಿ ಅವಳು ಎದ್ದು ಟೆರೇಸಿಗೆ ಹೋದಳು. ನಾನು ಹಿಂದೆಯೇ ಹೋದೆ. ಇವತ್ತು ಹೇಳಿಯೇಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ ಬೇರೆ.

"ಬಿಡು, ಇನ್ನ ಮ್ಯಾಲೆ ನಾ ಮುಚ್ತೀನಿ," ಎಂದೆ. "ನೀ ಎಲ್ಲಿಗಾರ ಹೋಗು. ಎರಡ ದಿವಸ ಇರು, ನಾಕ ದಿವಸ ಇರು."

ಅವಳು ಪರದೆಯ ಹಗ್ಗ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವಂತೆ ಕೇಳಿದಳು.

"ಎಲ್ಲಿಗಿ ಹೋಗ್ಲಿ?"

ನಾನು ಈ ಕಡೆಯ ಕ್ಲಿಪ್ಪು ಹಾಕಿದೆ, ಅವಳು ಆ ಕಡೆಯದು ಹಾಕಿದಳು. ಬಸ್ಸಿನ ಮಾತು ಅವತ್ತೂ ಹೇಳಲಿಲ್ಲ.