ಕಂಪ್ಯೂಟರಿನಲ್ಲಿ ಚರಗ ಚೆಲ್ಲಿದ ಚಂದ್ರಾಮ

ಬೆಳಗಿನ ಐದು ಗಂಟೆ. ಆಳಂದದ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಕ್ಲಾಸಿನ ಮೆಟ್ಟಿಲ ಮೇಲೆ ಕೂತು ಪೇಂಟರ್ ಚಂದ್ರಾಮ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿಕೊಳ್ಳುತ್ತಿದ್ದಾರೆ. ನಿನ್ನೆ ಗೊಬ್ಬರದಂಗಡಿಗೆ ಬರೆದ ಬೋರ್ಡಿನ ಹಸಿರು ಬಣ್ಣ ಉಗುರು ಬಿಟ್ಟು ಹೋಗಲೊಲ್ಲದು. ಈ ಕೈಯಲ್ಲಿ ಒಳಗೆ ಹೋದರೆ ಮಾಲೀಕ ಶಾಂತಲಿಂಗಪ್ಪನವರು ಸುಮ್ಮನೆ ಬಿಡುವವರಲ್ಲ. ಅವರ ಕಂಪ್ಯೂಟರಿಗೆ ಧೂಳು ತಡೆಯುವ ಪರದೆಯಿದೆ, ಫ್ಯಾನಿದೆ, ಹೊದೆಯಲು ಬಟ್ಟೆಯೂ ಇದೆ. ಚಪ್ಪಲಿ ಹೊರಗೆ, ಚಹಾ ಹೊರಗೆ, ಉಣ್ಣುವ ಮಾತಂತೂ ರಸ್ತೆಯಾಚೆ.

ಒಳಗೆ ಕ್ಲಾಸಿನ ಮಾಸ್ತರ ಚಾಂದಪಾಶಾ ಕರೆಂಟಿಗಾಗಿ ಕಾಯುತ್ತಿದ್ದಾರೆ. ಇಂದು ಎಳ್ಳಮಾವಾಸ್ಯೆ. ಕ್ಲಾಸು ಶುರುವಾಗುವ ಮುಂಚಿನ ಬೆಳಗಿನ ಹೊತ್ತನ್ನು ಇವರಿಬ್ಬರ ಹುಚ್ಚಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದ ಮಾಲೀಕರು ನಾಳೆಯಿಂದ ಅದೇ ಹೊತ್ತಿಗೆ ಹೊಸ ಬ್ಯಾಚು ಇಟ್ಟಿದ್ದಾರೆ. ಅಂದರೆ ಚಂದ್ರಾಮ ಕಂಪ್ಯೂಟರಿನಲ್ಲಿ ಕಟ್ಟಿದ ಆಟ ಅವರ ತಾಯಿ ನಿಂಬೆವ್ವನವರ ಕೈಗೆ ಬಂದರೆ ಇಂದೇ, ಇಲ್ಲದಿದ್ದರೆ ಇಲ್ಲ.

ಎಳ್ಳಮಾವಾಸ್ಯೆಗೆ ಈ ಸೀಮೆಯ ಮನೆಗಳಿಗೆಲ್ಲ ಬೀಗ. ಸಜ್ಜಿ ರೊಟ್ಟಿ, ಕಾಳು ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಕಡುಬು ಕಟ್ಟಿಕೊಂಡು ಎಲ್ಲರೂ ಹೊಲದ ದಾರಿ ಹಿಡಿಯುತ್ತಾರೆ. ಒಬ್ಬರು ಹೊಲ ಸುತ್ತುತ್ತ ಅಡುಗೆಯನ್ನು ಬೆಳೆಗೆ ಎರಚಿದರೆ, ಇನ್ನೊಬ್ಬರು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಇದೇ ಚರಗ. ಇದು ಮುಗಿಯುವ ತನಕ ಯಾರೂ ತುತ್ತೆತ್ತುವುದಿಲ್ಲ. ನರೋಣಾದ ಹತ್ತಿರದ ತಮ್ಮ ಹೊಲದಲ್ಲಿ ಗಂಡನ ಹಿಂದೆ ನೀರು ಚಿಮುಕಿಸಿಯೇ ಮುಪ್ಪಾದವರು ನಿಂಬೆವ್ವ. ಗಂಡ ತೀರಿಕೊಂಡರು, ಮೊಣಕಾಲೂ ಕೈಕೊಟ್ಟವು. ಕಳೆದೆರಡು ವರ್ಷ ಎಲ್ಲರಿಗೂ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದರು.

"ಬಂಡ್ಯಾಗ ಕುಂಡ್ರಿಸಿಕೊಂಡು ಹೋಗ್ತೇನಿ ಅಂದ್ರ, ಹೊಲಕ್ಕ ಬಂದು ಕುಂತು ನೋಡೋದೇನಲೇ ಅಂತಾಳ್ರಿ. ನಡೀಬೇಕಂತ ಆಕಿಗಿ," ಎನ್ನುತ್ತಾರೆ ಚಂದ್ರಾಮ.

ಕ್ಲಾಸಿನ ಬೋರ್ಡು ಬರೆಯಲು ಬಂದ ದಿನ ಅವರು ಒಳಗೆ ಹುಡುಗರ ಆಟವೊಂದನ್ನು ನೋಡಿದರು. ಬಾಯಿ ತೆರೆದ ಉಂಡೆಯೊಂದು ಕಂಡ ಚುಕ್ಕಿಗಳನ್ನೆಲ್ಲ ತಿನ್ನುತ್ತ ಓಡುತ್ತಿತ್ತು. "ಬರೇ ತಿನ್ನೋದಾತಲ್ಲ ಮಾಸ್ತರ, ಚೆಲ್ಲೋದು ಬರಂಗಿಲ್ಲೇನು ಇದಕ್ಕ?" ಎಂದು ಚಾಂದಪಾಶಾರನ್ನು ಕೇಳಿದರು. ಅಲ್ಲಿಂದ ಹತ್ತಿಕೊಂಡಿತು ಚರಗ ಚೆಲ್ಲುವ ಆಟದ ಗೀಳು. ಚಂದ್ರಾಮ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆಗೆ ಬಣ್ಣ ತುಂಬಿ ಚಿತ್ರ ಮಾಡುವುದು, ಚಾಂದಪಾಶಾ ಅದನ್ನು ಅಂಕಿಗಳಾಗಿಸಿ ಯಂತ್ರಕ್ಕೆ ಉಣಿಸುವುದು.

ಕ್ಲಾಸಿನ ಕಿಟಕಿ ಬಸ್ ನಿಲ್ದಾಣದ ಕಡೆ ಇರುವುದರಿಂದ ಸಲಹೆಗೆ ಬರವಿರಲಿಲ್ಲ. ಜೋಳ ಹಾಕಬೇಕೆಂದು ಅಫಜಲಪುರದ ಬಸ್ಸಿನವರು, ಹತ್ತಿ ಇಲ್ಲದ್ದು ಎಂಥ ಹೊಲವೆಂದು ಜೇವರ್ಗಿಯವರು, ತೊಗರಿ ಬಿಟ್ಟು ಮಾತೇ ಆಡಬೇಡಿರೆಂದು ಊರವರು. ಯಂತ್ರದಲ್ಲಿರುವುದು ಹದಿನಾರೇ ಬಣ್ಣ. ಚಂದ್ರಾಮ ಎಲ್ಲದಕ್ಕೂ ಹಸಿರು ಬಳಿದು, ಕೇಳಿದವರಿಗೆಲ್ಲ "ಇದು ನಿಮ್ಮದೇ ಬೆಳಿರಿ" ಎಂದು ಕೈತೊಳೆದುಕೊಂಡರು.

ಎಡವಟ್ಟಾದದ್ದು ಆಮೇಲೆ. ಭೂಸನೂರಿಗೆ ಹೊರಟಿದ್ದ ತುಳಜಾಬಾಯಿ ಎಂಬಾಕೆ ಕಿಟಕಿಯಲ್ಲಿ ಇಣುಕಿ, "ಅಯ್ಯ, ಹೊಲಾ ಎಡಕ್ಕ ಹಾಕ್ಕೊಂಡು ಸುತ್ತಾಕತ್ತಾರಲ್ಲೋ!" ಎಂದು ಎದೆ ಮುಟ್ಟಿಕೊಂಡರು. ಹೌದು, ಸುತ್ತು ತಿರುವುಮುರುವಾಗಿತ್ತು. ಚಾಂದಪಾಶಾ ಜಾಣತನ ಮಾಡಿ ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಹೊರಳಿಸಿದರು. ಸುತ್ತು ಸರಿಹೋಯಿತು, ಆದರೆ ಮರುದಿನ ಬಸ್ಸಿನ ಮಂದಿಯೆಲ್ಲ ಇಳಿದು ಬಂದು ಬಾಯಿ ಮಾಡಿದರು. ಹೊರಳಿದ ಚಿತ್ರದಲ್ಲಿ ರೈತ ಎಡಗೈಯಿಂದ ಚರಗ ಚೆಲ್ಲುತ್ತಿದ್ದ! ಪಾಪ, ಚಂದ್ರಾಮ ಹಾಳೆಗಳನ್ನೆಲ್ಲ ಹರಿದು ಮೊದಲಿನಿಂದ ಚಿತ್ರ ಬರೆದರು. ಆ ಬಲಗೈ ಮುಗಿದದ್ದು ನಿನ್ನೆ.

ಕರೆಂಟು ಬಂತು. ಆಟೋದಲ್ಲಿ ನಿಂಬೆವ್ವನವರೂ ಬಂದರು. ಬಾಣದ ಕೀಲಿ ಒತ್ತಿದರೆ ಪರದೆಯ ಮೇಲಿನ ಗಂಡಹೆಂಡಿರ ಜೋಡಿ ನಡೆಯುತ್ತದೆ, ಉದ್ದ ಕೀಲಿ ಒತ್ತಿದರೆ ಹಿಂದಿನಾಕೆ ನೀರು ಚಿಮುಕಿಸುತ್ತಾಳೆ.

"ಹಿಂದಿನಾಕಿ ನಾನೇನು?"

"ಹೌದಬೇ ಯವ್ವಾ."

"ಮುಂದಿನಾಂವ ನಿಮ್ಮಪ್ಪಲ್ಲ ಬಿಡು. ಅವರು ಇಷ್ಟ್ ಜಲ್ದಿ ಎಂದ ನಡದಿದ್ರು?"

ಚಾಂದಪಾಶಾ ಗಡಿಬಿಡಿಯಲ್ಲಿ ಒಂದು ಅಂಕಿ ತಿದ್ದಿ ರೈತನ ನಡಿಗೆ ತಗ್ಗಿಸಿದರು. ನಿಂಬೆವ್ವ ಸೆರಗು ಸರಿಮಾಡಿಕೊಂಡು ಹೊರಟರು. ಒಂದು ಮೂಲೆ, ಎರಡು, ಮೂರು. ಕೊನೆಯ ಮೂಲೆ ಎದುರಿಗಿತ್ತು, ಕರೆಂಟು ಹೋಯಿತು.

ಹೊರಗೆ ಶಾಂತಲಿಂಗಪ್ಪನವರ ಬಂಡಿ ಹೊಲಕ್ಕೆ ಹೊರಡಲು ಸಜ್ಜಾಗಿ ನಿಂತಿತ್ತು, ಹೆಂಡತಿ ಗುರುಶಾಂತಮ್ಮ ಬುತ್ತಿ ಹಿಡಿದು ಕೂತಿದ್ದರು. ಮಾಲೀಕರು ಕೈಯಲ್ಲಿ ಬೀಗ ಹಿಡಿದು ಬಂದರು. "ಯವ್ವಾ, ಆತೇನ್ರಿ? ಏಳ್ರಿ ಇನ್ನ."

"ಚರಗ ಅರ್ಧಕ್ಕ ಬಿಟ್ಟು ಏಳ್ತಾರೇನೋ ಯಪ್ಪಾ? ನೀವು ಏಳ್ತೀರೇನು?"

ಶಾಂತಲಿಂಗಪ್ಪನವರೂ ಹೊಲ ಮನೆಯುಳ್ಳವರೇ. ಬೀಗ ಕಿಸೆಗೆ ಸೇರಿತು. ಒಳಗೊಂದು ಚರಗ ಅರ್ಧಕ್ಕೆ ನಿಂತಿರುವಾಗ ಇನ್ನೊಂದಕ್ಕೆ ಹೊರಡಲು ಗುರುಶಾಂತಮ್ಮನವರೂ ಒಪ್ಪಲಿಲ್ಲ. ಎತ್ತು ಬಿಚ್ಚಿದರು. ಭಜ್ಜಿಯ ಘಮಲು ಕೋಣೆಯೊಳಗೆ ತುಂಬಿತು, ಹಸಿದ ಮಂದಿ ಆರಿಹೋದ ಪರದೆಯನ್ನೇ ನೋಡುತ್ತ ಕೂತರು. ಚಂದ್ರಾಮರಿಗಂತೂ ಅಳು ಬರುವಂತಾಗಿತ್ತು.

ಬಿಸಿಲೇರಿದ ಮೇಲೆ ಫ್ಯಾನು ತಿರುಗಿತು. ಆದರೆ ಆಟ ಮೊದಲಿನ ಮೂಲೆಗೇ ಮರಳಿತ್ತು. ನಡೆದಷ್ಟು ದಾರಿಯನ್ನು ನೆನಪಿಡುವ ವಿದ್ಯೆ ಚಾಂದಪಾಶಾರಿಗೆ ಇನ್ನೂ ಒಲಿದಿರಲಿಲ್ಲ. "ತಪ್ಪಾತಬೇ, ಮತ್ತ ಮೊದಲಿಂದ ನಡೀಬೇಕು," ಎಂದರು ಚಂದ್ರಾಮ, ತಲೆ ತಗ್ಗಿಸಿ.

"ನಡೀಲಿಕ್ಕೇ ಬಂದೇನಲ್ಲೋ," ಎಂದು ನಿಂಬೆವ್ವ ಕೀಲಿಗೆ ಬೆರಳಿಟ್ಟರು.

ಈ ಸಲ ನಾಲ್ಕೂ ಮೂಲೆ ಮುಗಿದವು. ಗುರುಶಾಂತಮ್ಮ ಬಂಡಿಯಿಂದ ಇಳಿದು ಬಂದು ರೊಟ್ಟಿಯ ಮೇಲೆ ಭಜ್ಜಿ ಹಾಕಿ ಮೊದಲು ನಿಂಬೆವ್ವನವರ ಕೈಗೇ ಕೊಟ್ಟರು. ಚಹಾದ ಲೋಟಕ್ಕೂ ಪ್ರವೇಶವಿಲ್ಲದ ಕೋಣೆ ಅದು. ಶಾಂತಲಿಂಗಪ್ಪನವರು ಕೀಲಿಮಣೆಗೆ ಬಟ್ಟೆ ಹೊದಿಸಿ, ಗೋಡೆ ನೋಡುತ್ತ ಚಂದ್ರಾಮರಿಗೆ ಹೇಳಿದರು: "ಬ್ಯಾಚ್ ಆರಕ್ಕ ಇಡ್ತೇನಿ ತಗೋ. ಐದು ನಿಂದೇ ಇರ್ಲಿ."

ಮುಂದೇನು ಮಾಡುತ್ತೀರಿ ಎಂದು ಕೇಳಿದರೆ ಚಂದ್ರಾಮ ಉಗುರಿನ ಹಸಿರನ್ನು ಕೆರೆಯುತ್ತ ನಗುತ್ತಾರೆ.

"ಹೊಲಾ ಜರಾ ದೊಡ್ಡದು ಮಾಡಬೇಕಂತ ಮಾಡೇನ್ರಿ. ಎರಡ್ ಸರ್ತಿ ಸುತ್ತಿದಳು, ಮೊಣಕಾಲು ನೋವು ಅನ್ನಲಿಲ್ಲ ನೋಡ್ರಿ ನಮ್ಮವ್ವ."