ಅವ್ವಗ ಆರಾಮಿಲ್ಲ ಎಂದು ಹೇಳಿ ಬಂದ ದಿನ

ಅಕ್ಕ ತೀರಿಕೊಂಡು ತಿಂಗಳಾಯಿತು. ಆ ದಿನದ ಸಂಗತಿ ಈಗ ನನ್ನೊಬ್ಬನಲ್ಲೇ ಉಳಿದಿದೆ. ಬರೆಯಲು ಕೂತರೆ ಇಂದಿಗೂ ಬಾಯಿ ಕಹಿಯಾಗುತ್ತದೆ.

ನಾನಾಗ ಮುಲ್ಕಿ ಪರೀಕ್ಷೆ ಪಾಸಾಗಿ ನಮ್ಮೂರು ತುಕ್ಕಾನಟ್ಟಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಮ್ಮ ಓಣಿಯಲ್ಲಿ ಸೈಕಲ್ಲು ಇದ್ದದ್ದು ನನ್ನ ಹತ್ತಿರ ಮಾತ್ರ. ಆ ದಿನ ಇನ್ನೂ ಕತ್ತಲಿರುವಾಗಲೇ ಅವ್ವ ತೀರಿಹೋದಳು. ಹೆಂಗಸರು ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ ವಿಭೂತಿ ಹಚ್ಚುತ್ತಿದ್ದಾಗ ಕಾಕಾ ನನ್ನನ್ನು ಹೊರಗೆ ಕರೆದ. ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ. ಅಲ್ಲಿಂದ ಮಧ್ಯಾಹ್ನ ಹನ್ನೆರಡಕ್ಕೆ ಗೋಕಾಕಕ್ಕೆ ಮೋಟಾರು ಹೊರಡುತ್ತಿತ್ತು. ಅದನ್ನು ಹಿಡಿದರೆ, ಮಣ್ಣು ಮಾಡುವುದರೊಳಗೆ ಅವಳು ಅವ್ವನ ಮುಖ ನೋಡಬಹುದಿತ್ತು.

“ಸತ್ತಾಳ ಅನಬ್ಯಾಡ. ಆರಾಮಿಲ್ಲ, ಲಗೂ ಬಾ ಅಂದಾಳ ಅನ್ನು. ಕೊಟ್ಟ ಮನ್ಯಾಗ ನಿಂತು ಅಂಥಾ ಸುದ್ದಿ ಹೇಳಬಾರದು.”

ನಮ್ಮ ಕಡೆ ಎಲ್ಲರೂ ಹೀಗೇ ಹೇಳುವುದು. ಕೇಳಿದವರು ಅರ್ಥ ಮಾಡಿಕೊಂಡು ಹೊರಡುತ್ತಾರೆ ಎಂದು ನಾನೂ ನಂಬಿದ್ದೆ.

ಗೋಕಾಕದಲ್ಲಿ ಗಾಲಿಗೆ ಗಾಳಿ ಹಾಕಿಸಿದೆ. “ಸಾಲಿ ತಪ್ಪಿಸಿದ್ರ ಹುಡುಗ್ರನ್ನ ಬಡೀತೀರಿ. ಇವತ್ತ ನೀವ ತಪ್ಪಿಸಿ ಹೊಂಟೀರಲ್ರಿ ಮಾಸ್ತರ,” ಎಂದ ಸೈಕಲ್ ಅಂಗಡಿಯ ಮುದುಕ. ನಾನು ನಕ್ಕೆ. ಅವ್ವ ಸತ್ತ ದಿನ ನಕ್ಕೆ.

ಗುಡ್ಡದ ಏರಿನಲ್ಲಿ ಇಳಿದು ಸೈಕಲ್ಲು ದೂಡಿದೆ. ಮುಂದೆ ಕುರಿಹಿಂಡು ಹೋಗಿತ್ತು. ದಾರಿಯ ತುಂಬ ಹಿಕ್ಕೆ, ಉಚ್ಚೆಯ ನಾತ. ಬೆವರಿಗೆ ಧೂಳು ಮೆತ್ತಿ ಅಂಗಿ ಬೆನ್ನಿಗೆ ಅಂಟಿತ್ತು. ನೆತ್ತಿ ದಾಟಿ ಇಳುಕಲು ಬಂದಾಗ ತುಳಿಯುವುದನ್ನು ಬಿಟ್ಟು ಸುಮ್ಮನೆ ಕೂತೆ. ತಣ್ಣನೆಯ ಗಾಳಿ ಅಂಗಿಯೊಳಗೆ ನುಗ್ಗಿತು. ಖುಷಿಯಾಯಿತು. ಏನೋ ಗುನುಗಿದ್ದೂ ನೆನಪಿದೆ. ಕೆಳಗೆ ಬಂದು ಕ್ಯಾಕರಿಸಿ ಉಗುಳಿದೆ. ನನ್ನ ಮೇಲಿನ ಹೇಸಿಗೆ ಹೋಗಲಿಲ್ಲ.

ಹುಕ್ಕೇರಿ ಮುಟ್ಟಿದಾಗ ಹನ್ನೊಂದು ಗಂಟೆ. ಅಕ್ಕನ ನಾದಿನಿಯನ್ನು ನೋಡಲು ಅಂದೇ ಗಂಡಿನ ಕಡೆಯವರು ಬಂದಿದ್ದರು. ಪಡಸಾಲೆಯ ತುಂಬ ರುಮಾಲು, ಒಳಗೆ ತುಪ್ಪದ ವಾಸನೆ. ನಾನು ಕಾಕಾ ಕಲಿಸಿದ ಮಾತನ್ನೇ ಹೇಳಿದೆ.

“ಎಷ್ಟ ದಿನದಿಂದಲೋ? ಎದ್ದು ಕುಂದ್ರತಾಳಿಲ್ಲೋ?” ಎಂದಳು ಅಕ್ಕ.

“ಕುಂತಾಳ,” ಎಂದೆ.

ಅವಳ ಅತ್ತೆ ನಡುವೆ ಬಂದಳು. “ಮಂದಿ ಊಟಕ್ಕ ಕುಂಡ್ರೂ ಹೊತ್ತು. ಸೊಸಿ ಹೋದ್ರ ಬಡಸವ್ರ ಯಾರು? ನಾಳೆ ನಸುಕಿನ್ಯಾಗ ಗಾಡಿ ಕಟ್ಟಿ ಕಳಸ್ತೀವಿ. ಬಾ ತಮ್ಮಾ, ನೀನೂ ಉಣ್ಣು.”

ಒಲ್ಲೆ ಎಂದರೆ ಗುಟ್ಟು ಬಯಲಾಗುತ್ತದೆ ಎಂದು ಎಲೆಯ ಮುಂದೆ ಕೂತೆ. ಅಕ್ಕ ಹೋಳಿಗೆ ಬಡಿಸಿ, “ದಣದು ಬಂದೀ,” ಎಂದು ಇನ್ನೊಂದು ಹಾಕಿದಳು. ಎರಡನ್ನೂ ತಿಂದೆ. ಹೊರಗೆ ಮೋಟಾರಿನ ಹಾರ್ನು ಕೇಳಿಸಿತು. ಅವಳು ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಬಾಗಿದ್ದಳು.

ಹೊರಟಾಗ ಅತ್ತೆಯೊಬ್ಬಳೇ ಅಂಗಳಕ್ಕೆ ಬಂದಳು. “ನಿನ್ನ ಮಾರಿ ನೋಡಿದ ಕೂಡಲೇ ನನಗ ತಿಳೀತು. ಮಂದಿ ಮುಂದ ಬಾಯಿ ಬಿಡಲಿಲ್ಲ. ಶಾಣ್ಯಾ ಅದಿ.”

ನಮಗೆ ಸಾವಿನ ಸೂತಕವಿಲ್ಲ ಎಂದು ಹೇಳಿಕೊಳ್ಳುವ ಮನೆತನ ನಮ್ಮದೂ, ಅವರದೂ; ಆದರೂ ಬಂದ ಸಂಬಂಧ ಕೆಡಬಾರದೆಂದು ಅವಳು ಮುಚ್ಚಿಟ್ಟಿದ್ದಳು. ಆಗಲೂ ಅಕ್ಕನನ್ನು ಕೂಗಬಹುದಿತ್ತು. “ಬರ್ತೇನ್ರಿ,” ಎಂದು ಸೈಕಲ್ಲು ಹತ್ತಿದೆ.

ಗುಡ್ಡದ ಏರಿನಲ್ಲಿ ಹೋಳಿಗೆ ವಾಂತಿಯಾಯಿತು. ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೊತ್ತು ಮುಳುಗುವವರೆಗೆ ಕಾದು, ಆಗಷ್ಟೇ ಕುಣಿ ಮುಚ್ಚಿದ್ದರು.

ಅಕ್ಕ ಮರುದಿನ ಸಂಜೆ ಗಾಡಿಯಲ್ಲಿ ಬಂದಳು. ಮಡಿಲಲ್ಲಿ ಅವ್ವನಿಗೆಂದು ಮೋಸಂಬಿ ಕಟ್ಟಿಕೊಂಡಿದ್ದಳು. ಅವ್ವ ಮಲಗುತ್ತಿದ್ದ ಹೊರಸು ಖಾಲಿ ಇದ್ದದ್ದು ನೋಡಿ ಬಾಗಿಲಲ್ಲೇ ನಿಂತಳು. “ಒಂದ ಮಾತ ಅಂದಿದ್ರ ಆ ಮುದಿಕಿನ್ನ ದೂಡಿ ನಡಕೊಂತ ಬರ್ತಿದ್ನಲ್ಲೋ,” ಎಂದಳು. ಕಾಕಾ ಹೇಳಬೇಡ ಅಂದಿದ್ದ ಎಂದೆ. ಆ ಉತ್ತರವೂ ಹೇಸಿಗೆಯದೇ.

ಆಮೇಲೆ ನಾನು ಹುಕ್ಕೇರಿಗೆ ಹೋದಾಗಲೆಲ್ಲ ಅವಳು ನೀರು ಕೊಡುವ ಮೊದಲು ಕೇಳುತ್ತಿದ್ದಳು: “ಎಲ್ಲಾರೂ ಆರಾಮ ಅದಾರೇನು? ಖರೆ ಹೇಳು.” ನಾನು ಖರೆಯನ್ನೇ ಹೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಸಂತೆಗೆ ನಮ್ಮ ಕಡೆಯವರು ಯಾರಾದರೂ ಬಂದರೆ, ಅವರನ್ನು ತಡೆದು ಮತ್ತೆ ಅದನ್ನೇ ಕೇಳುತ್ತಿದ್ದಳು.